ಪಿಕಪ್ ಕೆಳಗಿಳಿಸುವ ಕೆಲಸ ನಿಲ್ಲಿಸುತ್ತಿದ್ದೇವೆ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ 1ರಿಂದ ರಸ್ತೆಯಲ್ಲಿ ಓಡುವ ಯಾವ ಪಿಕಪ್ಪನ್ನೂ ನಮ್ಮ ಮೈಸೂರಿನ ಗ್ಯಾರೇಜಿನಲ್ಲಿ ಕೆಳಗಿಳಿಸುವುದಿಲ್ಲ. ಅಂದರೆ ತಿರುವಿನಲ್ಲಿ ಕಡಿಮೆ ವಾಲಲಿ ಅಂತ ಸ್ಪ್ರಿಂಗ್ ಬದಲಾಯಿಸಿ ಗಾಡಿಯ ಎತ್ತರ ತಗ್ಗಿಸುವ ಕೆಲಸ ಇನ್ನಿಲ್ಲ. ಮುಂದಿನ ಕಾಯಿಲ್ ಸ್ಪ್ರಿಂಗ್ ಕತ್ತರಿಸುವುದು, ಹಿಂದಿನ ಸ್ಪ್ರಿಂಗ್ ಸೆಟ್ಟಿನಿಂದ ಬ್ಲೇಡ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ) ತೆಗೆಯುವುದು, ಬ್ಲೇಡಿನ ಬೆಂಡ್ ಇಳಿಸುವುದು, ಮೂರೂ ಬಂದ್. ಈಗಾಗಲೇ ನಮ್ಮಲ್ಲಿ ಇಳಿಸಿಕೊಂಡವರ ಗಾಡಿಯನ್ನು ಮೊದಲಿನ ಎತ್ತರಕ್ಕೆ ತಂದುಕೊಡುತ್ತೇವೆ. ದೀಪಾವಳಿವರೆಗೆ ಅದಕ್ಕೆ ಕೂಲಿ ತಗೊಳ್ಳುವುದಿಲ್ಲ, ಸಾಮಾನಿನ ದುಡ್ಡು ಮಾತ್ರ.

"ನೀವೇ ತಾನೇ ಇಷ್ಟು ವರ್ಷ ಮಾಡಿದ್ದು?" ಅಂತ ಕೇಳುತ್ತೀರಿ. ಹೌದು, ನಾವೇ ಮಾಡಿದ್ದು. ಅದಕ್ಕೇ ಫೋನಲ್ಲಿ ಎರಡು ಮಾತು ಹೇಳಿ ಮುಗಿಸದೆ ಪತ್ರ ಬರೆಯುತ್ತಿದ್ದೇವೆ.

ಹೋದ ಮಳೆಗಾಲದ ಒಂದು ಘಟನೆ ಹೇಳಬೇಕು. ನಮ್ಮ ಹಳೇ ಗ್ರಾಹಕರೊಬ್ಬರು ಮಡಿಕೇರಿಯಲ್ಲಿ ಲೋಡ್ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದರು. ಗಾಡಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೇ ಪಿಕಪ್. ಅದರ ಹಿಂಭಾಗವನ್ನು 2 ಇಂಚು ಇಳಿಸಿದ್ದು ನಾವು. ಸುಂಟಿಕೊಪ್ಪದ ಹತ್ತಿರ ತಿರುವಿನಲ್ಲಿ ಮಳೆ. ಅವರು ಬ್ರೇಕ್ ಒತ್ತಿದ್ದು ಜಾಸ್ತಿಯೇನಲ್ಲ, ದಿನಾ ಒತ್ತುವಷ್ಟೇ. ಹಿಂದಿನ ಎರಡೂ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗಿ ರಸ್ತೆ ಬದಿಯ ಮಣ್ಣಿನ ಬರೆಗೆ ಒರಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎದುರಿಗೆ ಬಸ್ ಬಂದಿದ್ದರೆ ಈ ಪತ್ರ ಬರೆಯಲು ನಮಗೆ ಮುಖ ಇರುತ್ತಿರಲಿಲ್ಲ.

ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಿ ಲೈಟ್ ಹಿಡಿದು ನೋಡಿದೆವು. ಹಿಂದಿನ ಎರಡು ಚಕ್ರ ಕೂಡಿಸುವ ಅಚ್ಚಿನ ಕವಚ, ಅಂದರೆ ಹೌಸಿಂಗ್, ಅದರ ಮೇಲೆ ಇರುವ ಬಂಪ್ ರಬ್ಬರ್ ಉಜ್ಜಿ ಉಜ್ಜಿ ಶೂ ಪಾಲಿಶ್ ಹಾಕಿದ ಹಾಗೆ ಹೊಳೆಯುತ್ತಿತ್ತು, ನಡುವೆ ಸೀಳಿತ್ತು. ಅದು ಬಡಿಯುವ ಜಾಗದಲ್ಲಿ ಚಾಸಿಯ (ಗಾಡಿಯ ಕೆಳಗಿನ ಚೌಕಟ್ಟಿನ) ಬಣ್ಣ ಪೂರ್ತಿ ಹೋಗಿ ಕಬ್ಬಿಣ ಕಾಣುತ್ತಿತ್ತು. ಲೋಡ್ ಹಾಕಿದಾಗೆಲ್ಲ ಸ್ಪ್ರಿಂಗ್ ಕೆಲಸ ಮಾಡುತ್ತಲೇ ಇರಲಿಲ್ಲ, ಗಾಡಿ ಆ ರಬ್ಬರ್ ಮೇಲೆ ಕೂತು ಓಡುತ್ತಿತ್ತು ಅಂತ ಅರ್ಥ.

ಆದರೆ ಅವತ್ತು ಗಾಡಿ ಖಾಲಿ ಇತ್ತಲ್ಲ? ಅದರ ಉತ್ತರ ಚಾಸಿಯ ಪಕ್ಕದಲ್ಲಿದ್ದ ಒಂದು ಸಣ್ಣ ವಾಲ್ವಿನಲ್ಲಿತ್ತು. ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಬ್ರೇಕಿಗೆ ಲೋಡ್ ನೋಡಿ ಪ್ರೆಶರ್ ಬಿಡುವ ವಾಲ್ವ್ ಇರುತ್ತದೆ. ವಾಲ್ವ್ ಚಾಸಿ ಮೇಲೆ, ಅದರಿಂದ ಒಂದು ಕಡ್ಡಿ ಹೌಸಿಂಗ್‌ವರೆಗೆ. ಲೋಡ್ ಹಾಕಿದರೆ ಚಾಸಿ ಕೆಳಗೆ ಬರುತ್ತದೆ, ಕಡ್ಡಿ ವಾಲ್ವನ್ನು ತಳ್ಳುತ್ತದೆ, ಹಿಂದಿನ ಬ್ರೇಕಿಗೆ ಜಾಸ್ತಿ ಪ್ರೆಶರ್ ಹೋಗುತ್ತದೆ. ಖಾಲಿ ಇದ್ದರೆ ಕಡಿಮೆ. ನಾವು ಚಾಸಿಯನ್ನೇ 2 ಇಂಚು ಕೆಳಗೆ ತಂದು ಕೂರಿಸಿದ್ದೆವು. ಪಾಪ, ವಾಲ್ವಿಗೆ ಏನು ಗೊತ್ತು? ಗಾಡಿ ತುಂಬಿದೆ ಅಂದುಕೊಂಡು ಖಾಲಿ ಗಾಡಿಗೆ ತುಂಬಿದ ಗಾಡಿಯ ಬ್ರೇಕ್ ಕೊಟ್ಟಿತು. ಆ ಕಡ್ಡಿಯನ್ನು ಹೊಸ ಎತ್ತರಕ್ಕೆ ಸರಿಯಾಗಿ ಸೆಟ್ ಮಾಡಬೇಕಿತ್ತು, ನಾವು ಮಾಡಿರಲಿಲ್ಲ. ತಪ್ಪು ನಮ್ಮದೇ. ಆ ಗ್ರಾಹಕರಿಗೂ ಹೀಗೆಯೇ ಹೇಳಿದ್ದೇವೆ, ಖರ್ಚು ನಾವು ಕೊಟ್ಟಿದ್ದೇವೆ.

ಹಾಗಾದರೆ ಕಡ್ಡಿ ಸರಿಯಾಗಿ ಸೆಟ್ ಮಾಡಿ ಇಳಿಸಿ ಅಂತೀರಾ? ಇದನ್ನೇ ನಾವೂ ತಿಂಗಳುಗಟ್ಟಲೆ ಮಾತಾಡಿಕೊಂಡೆವು. ಲೆಕ್ಕ ಹಾಕಿದರೆ ಸಿಗುವ ಲಾಭ ನಾವು ಅಂದುಕೊಂಡಷ್ಟು ಇಲ್ಲ.

ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಭಾರ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದು ಗಾಡಿಯ ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆ, ಚಕ್ರಗಳ ನಡುವೆ ಎಷ್ಟು ಅಗಲವಿದೆ ಎಂಬುದರ ಮೇಲೆ. ಕೇಂದ್ರ ನೆಲದಿಂದ 70 ಸೆಂ.ಮೀ. ಮೇಲಿದೆ ಅಂತಿಟ್ಟುಕೊಳ್ಳಿ. 2 ಇಂಚು ಇಳಿಸಿದರೆ 65 ಆಗುತ್ತದೆ. ಅಂದರೆ ಹೋಗುವ ಭಾರ 100ಕ್ಕೆ 7ರಷ್ಟು ಕಡಿಮೆ. ಅದೂ ಪೂರ್ತಿ ಸಿಗುವುದಿಲ್ಲ. ಚಕ್ರ, ಹೌಸಿಂಗ್, ಡ್ರಮ್ ಇವೆಲ್ಲ ಇದ್ದಲ್ಲೇ ಇರುತ್ತವೆ, ಇಳಿಯುವುದು ಅವುಗಳ ಮೇಲಿನ ಭಾಗ ಮಾತ್ರ.

ಇನ್ನು ಮುಂದಿನ ಕಡೆ. ವಿ-ಕ್ರಾಸ್, ಹೈಲಕ್ಸ್ ಇಂಥವುಗಳಲ್ಲಿ ಮುಂದಿನ ಒಂದೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ಆರ್ಮ್ ಹಿಡಿದಿರುತ್ತದೆ. ಗಾಡಿ ಇಳಿಸಿದಾಗ ಆ ಆರ್ಮ್‌ಗಳ ಕೋನ ಬದಲಾಗುತ್ತದೆ. ಬಾಡಿ ವಾಲುವುದು ಒಂದು ಬಿಂದುವಿನ ಸುತ್ತ. ಕೋನ ಬದಲಾದರೆ ಆ ಬಿಂದು ಬಾಡಿಗಿಂತ ಬೇಗ ಕೆಳಗೆ ಹೋಗುತ್ತದೆ. ಆ ಬಿಂದುವಿಗೂ ಬಾಡಿಯ ಭಾರದ ಕೇಂದ್ರಕ್ಕೂ ನಡುವೆ ದೂರ ಜಾಸ್ತಿಯಾಗುತ್ತದೆ. ಹಾರೆ ಉದ್ದ ಇದ್ದಷ್ಟೂ ಕಲ್ಲು ಸುಲಭವಾಗಿ ಏಳುತ್ತದಲ್ವಾ, ಹಾಗೆ. ಇಳಿಸಿದ ಗಾಡಿ ಕಡಿಮೆ ವಾಲುವ ಬದಲು ಜಾಸ್ತಿ ವಾಲಿದ್ದನ್ನು ನಾವೇ ಕಂಡಿದ್ದೇವೆ. ಆಗ ಶಾಕ್ ಅಬ್ಸಾರ್ಬರ್ ಮೇಲೆ ತಪ್ಪು ಹಾಕಿದ್ದೆವು.

ಹಿಂದಿನಿಂದ ಬ್ಲೇಡ್ ತೆಗೆದರೆ ಇನ್ನೊಂದು ತೊಂದರೆ. ಎಂಜಿನ್ ಜೋರಾಗಿ ಎಳೆದಾಗ ಹೌಸಿಂಗ್ ತಾನೇ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಬ್ಲೇಡೇ. ಬ್ಲೇಡ್ ಕಡಿಮೆಯಾದರೆ ಸೆಟ್ಟು ಹಾವಿನ ಹಾಗೆ ಬಳುಕುತ್ತದೆ, ಚಕ್ರ ಟಕಟಕ ಕುಣಿಯುತ್ತದೆ. 500 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಇರುವ ಆಟೋಮ್ಯಾಟಿಕ್ ಹೈಲಕ್ಸ್‌ನಲ್ಲಿ ಇದನ್ನು ಬೇಕೆಂದು ಮಾಡಿಸಿಕೊಳ್ಳುವವರಿಗೆ ನಾವು ಕೈಮುಗಿಯುತ್ತೇವೆ.

ತುಂಬಾ ಜನ ಅಮೆರಿಕದ ಗಾಡಿಗಳ ಫೋಟೋ ತೋರಿಸುತ್ತಾರೆ. ನಮಗೂ ಇಷ್ಟವೇ. 1993ರ ಫೋರ್ಡ್ ಲೈಟ್ನಿಂಗ್ ಕಂಪನಿಯಿಂದಲೇ ಮುಂದೆ 1 ಇಂಚು, ಹಿಂದೆ 2.5 ಇಂಚು ಇಳಿದು ಬಂದ ಪಿಕಪ್. ಆದರೆ ಅವರು ಸ್ಪ್ರಿಂಗ್ ಕತ್ತರಿಸಿ ಕೈತೊಳೆದುಕೊಳ್ಳಲಿಲ್ಲ. ಶಾಕ್, ಸ್ಟೆಬಿಲೈಸರ್ ಬಾರ್, ಟೈರ್ ಎಲ್ಲವನ್ನೂ ಆ ಎತ್ತರಕ್ಕೆ ಹೊಂದಿಸಿದರು. 1991ರ ಜಿಎಂಸಿ ಸೈಕ್ಲೋನ್ ಇನ್ನೂ ಒಳ್ಳೇ ಉದಾಹರಣೆ. 280 ಹಾರ್ಸ್‌ಪವರ್ ಟರ್ಬೋ ಎಂಜಿನ್, ನಾಲ್ಕೂ ಚಕ್ರಕ್ಕೆ ಶಕ್ತಿ. ಆದರೆ ಲೋಡ್ 500 ಪೌಂಡ್ ಮಾತ್ರ ಅಂತ ಕಂಪನಿಯೇ ಹೇಳಿತ್ತು. ನಮ್ಮ ಲೆಕ್ಕದಲ್ಲಿ 50 ಕೆ.ಜಿ.ಯ ನಾಲ್ಕು ಮೂಟೆ, ಅಲ್ಲಿಗೆ ಮುಗೀತು. ನಿಮ್ಮಲ್ಲಿ ಎಷ್ಟು ಜನ ನಾಲ್ಕು ಮೂಟೆಗೆ ನಿಲ್ಲಿಸುತ್ತೀರಿ, ಹೇಳಿ?

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಕಾನೂನು ಒಪ್ಪದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ನಿಜ ಹೇಳಬೇಕೆಂದರೆ ನಮ್ಮ ನಿರ್ಧಾರಕ್ಕೆ ಇದು ಮೊದಲ ಕಾರಣವಲ್ಲ. ಆದರೆ ದಂಡ ಕಟ್ಟುವವರು ನೀವು, ನಾವಲ್ಲ. ಅದನ್ನು ಮೊದಲೇ ಹೇಳದೆ ಇದ್ದದ್ದೂ ಸರಿಯಲ್ಲ.

ಹಂಪ್‌ಗಳ ಬಗ್ಗೆ ಹೇಳುವುದೇ ಬೇಡ. ರಸ್ತೆ ಎಂಜಿನಿಯರ್‌ಗಳ ಪುಸ್ತಕದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಗ್ಯಾರೇಜಿನ ಮುಂದಿರುವ ಹಂಪ್ ಆ ಪುಸ್ತಕ ಓದಿಲ್ಲ.

ಇಷ್ಟು ಹೇಳಿ ನಿಮ್ಮನ್ನು ಬರಿಗೈಲಿ ಕಳಿಸುವುದಿಲ್ಲ. "ಬೆಂಗಳೂರು ಹೈವೇಯಲ್ಲಿ 100ರಲ್ಲಿ ಹೋದರೆ ತೇಲಿದ ಹಾಗಾಗುತ್ತೆ, ಇಳಿಸಿಬಿಡಿ" ಅಂತ ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ತೊಂದರೆ ಇರುವುದು ಎತ್ತರದಲ್ಲಿ ಅಲ್ಲ. ಕೆಳಗಿನ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್ ಬಿರುಕು ಬಿಟ್ಟಿರುತ್ತದೆ. ಬ್ಲೇಡ್ ಸೆಟ್ಟಿನ ತುದಿಯ ಶ್ಯಾಕಲ್ ಬುಷ್‌ಗೆ ಸಬ್ಬಲ್ ಹಾಕಿ ಮೀಟಿದರೆ ಕಿರುಬೆರಳು ತೂರುವಷ್ಟು ಆಟ ಇರುತ್ತದೆ. ಶಾಕ್‌ನಿಂದ ಎಣ್ಣೆ ಸೋರಿ ಅದರ ಮೇಲೆ ಧೂಳು ಮೆತ್ತಿರುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಖಾಲಿ ಗಾಡಿಗೆ ಒಂದು, ತುಂಬಿದ ಗಾಡಿಗೆ ಒಂದು ಟೈರ್ ಪ್ರೆಶರ್ ಬರೆದಿದ್ದರೂ ವರ್ಷಪೂರ್ತಿ ತುಂಬಿದ ಪ್ರೆಶರೇ. ಖಾಲಿ ಗಾಡಿ ಹಿಂದೆ ಪುಟಿಯದೆ ಇನ್ನೇನು ಮಾಡೀತು?

ಆದ್ದರಿಂದ ಇನ್ನು ಮುಂದೆ ಕೆಲಸ ಹೀಗೆ. ಮೊದಲು ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ದು ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ತೂಗುತ್ತೇವೆ. ಆಮೇಲೆ ನೀವು ಓಡಿಸುತ್ತೀರಿ, ನಾವು ಪಕ್ಕದಲ್ಲಿ ಕೂರುತ್ತೇವೆ. ಆಮೇಲೆ ಬುಷ್, ಶಾಕ್, ಟೈರ್, ಕೊನೆಗೆ ಅಲೈನ್‌ಮೆಂಟ್, ಇದೇ ಕ್ರಮದಲ್ಲಿ. ಹಳೇ ಬುಷ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾತ್ರ ಮಾಡಿಕೊಡಿ ಅಂದರೆ ಮಾಡುವುದಿಲ್ಲ, ಅದು ದುಡ್ಡು ದಂಡ.

ಗಾಡಿ ತರುವಾಗ ದಯವಿಟ್ಟು ಖಾಲಿ ಮಾಡಿ ತರಬೇಡಿ. ದಿನಾ ಏನಿರುತ್ತದೋ ಅದು ಇರಲಿ. ಒಬ್ಬರ ಗಾಡಿಯ ಹಿಂದೆ ಮನೆ ಕಟ್ಟಿದ ಕಾಲದ ಅರ್ಧ ಮೂಟೆ ಸಿಮೆಂಟ್ ಕಲ್ಲಾಗಿ ಕೂತಿತ್ತು. ಗೃಹಪ್ರವೇಶ ಆಗಿ ನಾಲ್ಕು ವರ್ಷವಂತೆ.

ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿನಂಥ ಕಡೆ ಮಾತ್ರ ಓಡಿಸಲು ಇಟ್ಟುಕೊಂಡು, ಟ್ರೈಲರ್ ಮೇಲೆ ತರುವ ಗಾಡಿ ಇದ್ದರೆ ಅದರ ಮಾತು ಬೇರೆ, ಬಂದು ಕೂತು ಮಾತಾಡೋಣ. ಅಲ್ಲಿಯೂ ಕಾಯಿಲ್ ಕತ್ತರಿಸುವುದಿಲ್ಲ.

ಈ ಬದಲಾವಣೆಯಿಂದ ನಮಗೆ ಕೆಲಸ ಕಡಿಮೆಯಾಗುತ್ತದೆ, ಗೊತ್ತು. ಕೆಲವರು ಬೇರೆ ಗ್ಯಾರೇಜಿಗೆ ಹೋಗುತ್ತೀರಿ, ಅದೂ ಗೊತ್ತು. ಹೋದರೆ ಅಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: "ಹಿಂದಿನ ಬ್ರೇಕ್ ವಾಲ್ವಿನ ಕಡ್ಡಿ ಏನು ಮಾಡ್ತೀರಿ?"

ನಮ್ಮಲ್ಲಿ ಇಳಿಸಿಕೊಂಡವರಿಗೆಲ್ಲ ಬಿಲ್ ಬುಕ್ ನೋಡಿ ಫೋನ್ ಮಾಡುತ್ತಿದ್ದೇವೆ. ಕೆಲವರ ನಂಬರ್ ಬದಲಾಗಿದೆ. ಗಾಡಿ ಮಾರಿದ್ದರೆ ಕೊಂಡವರಿಗೆ ದಯವಿಟ್ಟು ತಿಳಿಸಿ, ಅವರಿಗೂ ಕೂಲಿ ಇಲ್ಲ. ಅಲ್ಲಿವರೆಗೆ ಮಳೆಯಲ್ಲಿ, ಅದರಲ್ಲೂ ಖಾಲಿ ಗಾಡಿಯಲ್ಲಿ, ಸ್ವಲ್ಪ ನಿಧಾನ. ಭಾನುವಾರ ರಜೆ, ಆದರೆ ಈ ಕೆಲಸಕ್ಕಾದರೆ ಭಾನುವಾರ ಬೆಳಿಗ್ಗೆಯೂ ಬಾಗಿಲು ತೆಗೆದಿರುತ್ತೇವೆ.

ಇಂತಿ ನಿಮ್ಮ,
ಗ್ಯಾರೇಜಿನ ಎಲ್ಲರ ಪರವಾಗಿ
ಮೈಸೂರು