ಸ್ಪೀಡ್ ಬಗ್ಗೆ ಅಲ್ಲ, ನಿಮ್ಮ ರೂಟರ್ ಬಗ್ಗೆ ಈ ದೂರು

ಇವರಿಗೆ,
ಗ್ರಾಹಕರ ದೂರು ವಿಭಾಗ,
ಫೈಬರ್ ಇಂಟರ್‌ನೆಟ್ ಸೇವೆ,
ಮೈಸೂರು

ವಿಷಯ: ನೀವು ಹೊಸ ರೂಟರ್ ಹಾಕಿದ ಮೇಲೆ ಮನೆಯ ಸ್ಮಾರ್ಟ್ ಸ್ವಿಚ್, ಬಲ್ಬ್, ಕ್ಯಾಮೆರಾ ಪದೇಪದೇ ವೈಫೈ ಬಿಟ್ಟುಹೋಗುತ್ತಿರುವ ಬಗ್ಗೆ

ಮಾನ್ಯರೇ,

ಮೊದಲೇ ಹೇಳಿಬಿಡುತ್ತೇನೆ, ಸ್ಪೀಡ್ ಬಗ್ಗೆ ನನ್ನ ತಕರಾರಿಲ್ಲ. ಪ್ಲಾನ್‌ನಲ್ಲಿ ಹೇಳಿದಷ್ಟು ಬರುತ್ತಿದೆ. ಫೋನ್, ಲ್ಯಾಪ್‌ಟಾಪ್, ಟಿವಿ ಎಲ್ಲ ಚೆನ್ನಾಗಿ ಓಡುತ್ತಿವೆ. ಹಾಗಾಗಿ ಇನ್ನೊಂದು ಸಲ ಸ್ಪೀಡ್ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ ಅಂತ ದಯವಿಟ್ಟು ಕೇಳಬೇಡಿ.

ತೊಂದರೆ ಇರುವುದು ಸಣ್ಣಪುಟ್ಟ ಸಾಮಾನುಗಳದ್ದು. ಸಂಪ್ ಮೋಟರಿನ ಸ್ಮಾರ್ಟ್ ಸ್ವಿಚ್, ಗೀಸರ್ ಪ್ಲಗ್, ವರಾಂಡದ ಬಲ್ಬ್‌ಗಳು, ಗೇಟಿನ ಕ್ಯಾಮೆರಾ. ನಮ್ಮದೇ ಹಳೆಯ ರೂಟರ್ ಇದ್ದಾಗ ಇವು ತಮ್ಮ ಪಾಡಿಗೆ ಇದ್ದವು. ಪ್ಲಾನ್ ಬದಲಾಯಿಸಿದಾಗ ನೀವು ಅದನ್ನು ತೆಗೆದು ಡ್ಯುಯಲ್ ಬ್ಯಾಂಡ್ ರೂಟರ್, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೊ ಪಟ್ಟಿಗಳಲ್ಲಿ ವೈಫೈ ಕೊಡುವ ರೂಟರ್ ಹಾಕಿದಿರಿ. ಶುರುವಾಗಿದ್ದೇ ಆವತ್ತಿನಿಂದ.

ಹೋದ ವಾರದ್ದೇ ತೆಗೆದುಕೊಳ್ಳಿ. ಆಫೀಸಿನಿಂದ ಮೋಟರ್ ಆನ್ ಮಾಡಿದ್ದೆ. ಟ್ಯಾಂಕ್ ತುಂಬುವ ಹೊತ್ತಿಗೆ ಆಫ್ ಮಾಡಲು ಹೋದರೆ ಆ್ಯಪ್‌ನಲ್ಲಿ ಸ್ವಿಚ್ ಬೂದು ಬಣ್ಣಕ್ಕೆ ತಿರುಗಿ, ಕೆಳಗೆ ಆಫ್‌ಲೈನ್ ಅಂತ ಕೂತಿತ್ತು. ಅತ್ತೆಗೆ ಫೋನ್ ಮಾಡಿದೆ. ಅವರಿಗೆ ಮಂಡಿ ನೋವು. ಗೋಡೆ ಹಿಡಿದುಕೊಂಡು ಮೆಟ್ಟಿಲ ಕೆಳಗಿನ ಬೋರ್ಡಿನ ತನಕ ಹೋಗುವಷ್ಟರಲ್ಲಿ ಟ್ಯಾಂಕ್ ಉಕ್ಕಿ, ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಯ ಮೇಲೆಲ್ಲ ನೀರು. ಅವರ ಮಾತು ಕೇಳಿಸಿಕೊಂಡಿದ್ದು ನಾವು, ನೀವಲ್ಲ.

ದೂರು ಕೊಟ್ಟಾಗ ನಿಮ್ಮ ಹುಡುಗ ಬಂದ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ರೂಟರ್ ಪಕ್ಕದಲ್ಲೇ ನಿಂತು ತನ್ನ ಫೋನಿನಲ್ಲಿ ಸ್ಪೀಡ್ ನೋಡಿ, "ಮೇಡಂ, ಫುಲ್ ಬರ್ತಿದೆ ಅಲ್ವಾ? ಒಂದು ಓಟಿಪಿ ಬಂದಿರುತ್ತೆ, ಹೇಳಿ" ಅಂದ. ಓಟಿಪಿ ಹೇಳಿದ ತಕ್ಷಣ ದೂರು ಬಗೆಹರಿದಿದೆ ಅಂತ ಮೆಸೇಜ್ ಬಂತು. ಮೋಟರ್ ಸ್ವಿಚ್ ಹತ್ತಿರ ಅವನು ಹೋಗಲೇ ಇಲ್ಲ. ಬಲ್ಬ್ ಲೋಕಲ್ ಇರಬೇಕು, ಬೇರೆ ತನ್ನಿ ಅಂತ ಸಲಹೆ ಕೊಟ್ಟು ಹೋದ.

ಬಲ್ಬ್ ಸರಿಯಾಗಿಯೇ ಇದೆ. ಕಾರಣ ನಿಮ್ಮ ರೂಟರಿನ ಸೆಟ್ಟಿಂಗ್. ವೈಫೈ ಚಾನೆಲ್ (ಬ್ಯಾಂಡ್‌ನೊಳಗೆ ನಂಬರ್ ಹಾಕಿದ ದಾರಿ) ತೋರಿಸುವ ಉಚಿತ ಆ್ಯಪ್ ಹಾಕಿಕೊಂಡು ನಾನೇ ಗಮನಿಸಿದ್ದೇನೆ. ನಮ್ಮ ಸ್ವಿಚ್, ಬಲ್ಬ್‌ಗಳಿಗೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಒಂದೇ. ನಮ್ಮ ದೇಶದಲ್ಲಿ ಆ ಬ್ಯಾಂಡ್‌ನಲ್ಲಿ 1ರಿಂದ 13ರವರೆಗೆ ಚಾನೆಲ್ ಬಳಸಬಹುದು. ಆದರೆ ಅಮೆರಿಕದ ಲೆಕ್ಕಕ್ಕೆ ತಯಾರಾದ ಎಷ್ಟೋ ಸಾಮಾನುಗಳು 11ರವರೆಗೆ ಮಾತ್ರ ಹುಡುಕುತ್ತವೆ. ನೀವು ಚಾನೆಲನ್ನು ಆಟೋದಲ್ಲಿ ಇಟ್ಟಿದ್ದೀರಿ. ಅಕ್ಕಪಕ್ಕದ ವೈಫೈ ಜಾಸ್ತಿಯಾದಾಗ ನಿಮ್ಮ ರೂಟರ್ ಖಾಲಿ ಜಾಗ ಹುಡುಕಿಕೊಂಡು 13ಕ್ಕೆ ಹೋಗುತ್ತದೆ. ಆಗ ನಮ್ಮ ಸ್ವಿಚ್‌ನ ಪಾಲಿಗೆ ಮನೆಯಲ್ಲಿ ವೈಫೈಯೇ ಇಲ್ಲ. ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಇರುವುದರಿಂದ ನಿಮ್ಮ ಹುಡುಗನಿಗೆ ಎಲ್ಲ ಸರಿಯಾಗಿ ಕಂಡಿತು.

ಸುಮ್ನೆ ಊಹೆ ಮಾಡಿ ಹೇಳುತ್ತಿಲ್ಲ. ನಮ್ಮ ಹಳೆಯ ರೂಟರನ್ನು ಕೇಬಲ್ ಹಾಕಿ ನಿಮ್ಮ ರೂಟರಿಗೆ ಜೋಡಿಸಿ, 6ನೇ ಚಾನೆಲ್ ಅಂತ ಗಟ್ಟಿ ಮಾಡಿ ಇಟ್ಟೆ. ಅದೇ ಬಲ್ಬ್, ಅದೇ ಸ್ವಿಚ್, ಒಂದೂ ಕೈಕೊಡಲಿಲ್ಲ. ಆದರೆ ಬಾಡಿಗೆ ನಿಮ್ಮ ರೂಟರಿಗೆ ಕೊಟ್ಟು, ಕೆಲಸ ನಮ್ಮ ಹಳೆಯದರಿಂದ ಮಾಡಿಸಿಕೊಳ್ಳುವುದು ಯಾವ ನ್ಯಾಯ? ಕರೆಂಟ್ ಹೋದಾಗ ಯುಪಿಎಸ್ ಮೇಲೆ ಎರಡೆರಡು ಪೆಟ್ಟಿಗೆ ಓಡಿಸಬೇಕು ಬೇರೆ.

ನಾನೇ ಚಾನೆಲ್ ಬದಲಾಯಿಸೋಣ ಅಂದರೆ ಅದಕ್ಕೂ ದಾರಿಯಿಲ್ಲ. ರೂಟರಿನ ತಳದಲ್ಲಿ ಅಂಟಿಸಿರುವ ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ವೈಫೈ ಹೆಸರು, ಪಾಸ್‌ವರ್ಡ್ ಬಿಟ್ಟು ಬೇರೇನೂ ಮುಟ್ಟಲು ಬರುವುದಿಲ್ಲ. ಚಾನೆಲ್ ಕಾಣುತ್ತದೆ, ಒತ್ತಿದರೆ ಅಲುಗುವುದಿಲ್ಲ. ಒಮ್ಮೆ ನಿಮ್ಮ ಕಸ್ಟಮರ್ ಕೇರ್‌ನಲ್ಲಿ ತಿಳಿದವರೊಬ್ಬರು ಸಿಕ್ಕಿ, ಅಲ್ಲಿಂದಲೇ 6ಕ್ಕೆ ಬದಲಾಯಿಸಿ ಕೊಟ್ಟರು. ಎಲ್ಲ ನೆಟ್ಟಗಾಯಿತು. ಆಮೇಲೊಂದು ರಾತ್ರಿ ನಿಮ್ಮ ಕಡೆಯಿಂದ ಸಾಫ್ಟ್‌ವೇರ್ ಅಪ್‌ಡೇಟ್ ಬಂತು, ಬೆಳಿಗ್ಗೆ ನೋಡಿದರೆ ಮತ್ತೆ ಆಟೋ. ಅಂದರೆ ಸರಿ ಮಾಡುವುದು ನಿಮ್ಮ ಕೈಯಲ್ಲಿದೆ, ಹಾಗೇ ಉಳಿಸುವ ವ್ಯವಸ್ಥೆ ಇಲ್ಲ.

ನನಗೆ ಬೇಕಾಗಿರುವುದು ಇಷ್ಟು. 2.4 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಡಿ. ಈಗ ಎರಡಕ್ಕೂ ಒಂದೇ ಹೆಸರಿರುವುದರಿಂದ ಬಲ್ಬ್ ಹೊಸದಾಗಿ ಸೇರಿಸುವಾಗ ಫೋನ್ 5ರಲ್ಲಿ ಹೋಗಿ ಕೂತು, ಆ್ಯಪ್ ತಿಣುಕಾಡುತ್ತದೆ. ಚಾನೆಲ್ 1, 6, 11ರಲ್ಲಿ ಯಾವುದಾದರೂ ಒಂದಕ್ಕೆ ನಿಲ್ಲಿಸಿ. ಆ ಬ್ಯಾಂಡ್‌ಗೆ ವೈಫೈ ಭದ್ರತೆ ಡಬ್ಲ್ಯೂಪಿಎ2 ಸಾಕು, ಹಳೆಯ ಸಾಮಾನುಗಳಿಗೆ ಹೊಸ ಡಬ್ಲ್ಯೂಪಿಎ3 ಅರ್ಥವಾಗುವುದಿಲ್ಲ. ಅಪ್‌ಡೇಟ್ ಬಂದರೂ ಇವು ಅಳಿಸಿಹೋಗದ ಹಾಗೆ ಮಾಡಿ. ಅದು ಆಗದಿದ್ದರೆ ಸೆಟ್ಟಿಂಗ್ ಬದಲಾಯಿಸುವ ಲಾಗಿನ್ ನನಗೆ ಕೊಡಿ. ಇಲ್ಲವೇ ನಿಮ್ಮ ರೂಟರಿನ ವೈಫೈ ಆಫ್ ಮಾಡಿ, ಬಾಡಿಗೆ ಬಿಲ್‌ನಿಂದ ತೆಗೆಯಿರಿ. ನಮ್ಮ ರೂಟರ್ ನಾವು ನೋಡಿಕೊಳ್ಳುತ್ತೇವೆ.

ಹಳೆಯ ದೂರನ್ನು ನೀವು ಮುಚ್ಚಿದ್ದೀರಿ. ಇದಕ್ಕೆ ಹೊಸ ಡಾಕೆಟ್ ನಂಬರ್ ಕೊಡಿ. ಇದೂ ಬಗೆಹರಿಯದಿದ್ದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ದೂರು ಪರಿಹಾರ ನಿಯಮದ ಪ್ರಕಾರ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ. ಅದಕ್ಕೆ ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನ ಹೇಳಬೇಕು. ಗ್ರಾಹಕರ ಸಹಾಯವಾಣಿ 1915 ಕೂಡ ಇದೆ.

ಮತ್ತೆ ಹುಡುಗನನ್ನು ಕಳಿಸುವುದಾದರೆ ಸಂಜೆ 6ರ ಮೇಲೆ ಕಳಿಸಿ, ನಾನು ಮನೆಯಲ್ಲಿರುತ್ತೇನೆ. ರೂಟರಿನ ಅಡ್ಮಿನ್ ಲಾಗಿನ್ ಅವನ ಕೈಗೆ ಕೊಟ್ಟೇ ಕಳಿಸಿ. ಅವನು ಹೋದ ಮೇಲೆ ಒಂದು ವಾರ ನೋಡುತ್ತೇನೆ, ಮೋಟರ್ ಸ್ವಿಚ್ ಒಮ್ಮೆಯೂ ಆಫ್‌ಲೈನ್ ಆಗದಿದ್ದರೆ ಓಟಿಪಿ ಹೇಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಕುವೆಂಪುನಗರ, ಮೈಸೂರು

ಲಗತ್ತು: ಚಾನೆಲ್ 13 ತೋರಿಸುವ ಸ್ಕ್ರೀನ್‌ಶಾಟ್‌ಗಳು, ಹಿಂದಿನ ದೂರಿನ ಮೆಸೇಜ್, ರೂಟರ್ ಬಾಡಿಗೆ ಇರುವ ಬಿಲ್