47ನೇ ನಂಬರಿನ ಹುಡುಗ ಬಂದಿದ್ದ: ನಿಮ್ಮ ಟ್ರೈಔಟ್ ಬಗ್ಗೆ ನನ್ನ ನಾಲ್ಕನೇ ಪತ್ರ

ನ್ಯೂಜೆರ್ಸಿ
ಜೂನ್ 8, 2026

ಕ್ಲಬ್ಬಿನ ಬೋರ್ಡ್ ಸದಸ್ಯರಿಗೆ ಮತ್ತು ಟ್ರಾವೆಲ್ ಸಾಕರ್ ಡೈರೆಕ್ಟರ್ ಅವರಿಗೆ,

ವಿಷಯ: ಟೀಮಿನ ಆಯ್ಕೆಗೆ ಮಾಡುವ ಟ್ರೈಔಟಿನಲ್ಲಿ ಮಗನನ್ನು ತಪ್ಪು ವಯಸ್ಸಿನ ಗುಂಪಿನಲ್ಲಿ ಆಡಿಸಿದ್ದು, ಸರಿಯಾದ ಗುಂಪಿನಲ್ಲಿ ಗೈರುಹಾಜರಿ ಹಾಕಿದ್ದು, ಮತ್ತು ನನ್ನ 500 ಡಾಲರ್.

ಮೂರು ಇಮೇಲ್ ಇಂಗ್ಲಿಷಿನಲ್ಲಿ ಬರೆದೆ. ಮೂರಕ್ಕೂ "ನಿಮ್ಮ ಸಂದೇಶ ತಲುಪಿದೆ" ಅನ್ನುವ ಯಂತ್ರದ ಉತ್ತರ ಬಂತು, ಅಷ್ಟೇ. ಎರಡು ಸಲ ಫೋನ್ ಮಾಡಿದೆ, ವಾಯ್ಸ್‌ಮೇಲ್ ತುಂಬಿದೆಯಂತೆ. ಹಾಗಾಗಿ ಇದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಬರೆಯುವಾಗ ನನ್ನ ಸಿಟ್ಟಿಗೆ ತಾನಾಗಿಯೇ ಇಸ್ತ್ರಿ ಬೀಳುತ್ತದೆ. ಕೈಂಡ್ಲಿ, ಅಪ್ರಿಶಿಯೇಟ್ ಎಲ್ಲ ಬಂದು ಕೂತುಬಿಡುತ್ತವೆ. ಯಾರು ಓದುತ್ತಾರೆ ಅಂತ ಚಿಂತೆ ಬೇಡ. ನಿಮ್ಮ ಬೋರ್ಡಿನಲ್ಲಿ ನಮ್ಮ ಕನ್ನಡದವರೊಬ್ಬರು ಇದ್ದಾರೆ. ಯುಗಾದಿ ಊಟದಲ್ಲಿ ನನ್ನ ಎದುರಿನ ಸಾಲಿನಲ್ಲೇ ಕೂತು ಎರಡನೇ ಸಲ ಒಬ್ಬಟ್ಟು ಹಾಕಿಸಿಕೊಂಡರು. ಸಾರ್, ದಯವಿಟ್ಟು ಇದನ್ನು ಓದಿ ಅವರಿಗೆ ಹೇಳಿ. ಹೇಳುವಾಗ ಮೆತ್ತಗೆ ಮಾಡಬೇಡಿ.

ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ. ಬರುವ 2026-27ರ ಸೀಸನ್ನಿನಿಂದ ವಯಸ್ಸಿನ ಲೆಕ್ಕ ಬದಲಾಗುತ್ತಿದೆ. ಇಷ್ಟು ವರ್ಷ ಹುಟ್ಟಿದ ಇಸವಿ ನೋಡಿ ಗುಂಪು ಮಾಡುತ್ತಿದ್ದಿರಿ, ಜನವರಿ 1ರಿಂದ ಡಿಸೆಂಬರ್ 31. ಇನ್ನು ಮೇಲೆ ಆಗಸ್ಟ್ 1ರಿಂದ ಜುಲೈ 31. ಸ್ಕೂಲಿನಲ್ಲಿ ಒಂದೇ ಕ್ಲಾಸಿನಲ್ಲಿ ಕೂರುವ ಮಕ್ಕಳು ಮೈದಾನದಲ್ಲೂ ಜೊತೆಗಿರಲಿ ಅಂತ. ಮಕ್ಕಳ ಸಾಕರ್, ಅಂದರೆ ಫುಟ್‌ಬಾಲ್, ನಡೆಸುವ ಸಂಸ್ಥೆಗಳಾದ ಯುಎಸ್ ಯೂತ್ ಸಾಕರ್, ಯುಎಸ್ ಕ್ಲಬ್ ಸಾಕರ್, ಎವೈಎಸ್‌ಒ ಮೂರೂ ಇದನ್ನು 2025ರಲ್ಲೇ ಹೇಳಿದ್ದವು. ನೀವೂ ಈ ಮಾರ್ಚಿನಲ್ಲಿ ಬಣ್ಣ ಬಣ್ಣದ ಪಟ್ಟಿ ಕಳಿಸಿದಿರಿ. ಅದರ ಹಳದಿ ಸಾಲು ಹೀಗಿದೆ: 2015ರ ಆಗಸ್ಟ್ 1ರಿಂದ 2016ರ ಜುಲೈ 31ರವರೆಗೆ ಹುಟ್ಟಿದವರು ಯು-11, ಅಂದರೆ ಅಂಡರ್-11. ನನ್ನ ಮಗ ಹುಟ್ಟಿದ್ದು 2015ರ ಸೆಪ್ಟೆಂಬರಿನಲ್ಲಿ. ಇದಕ್ಕೆ ಲೆಕ್ಕದ ಮೇಷ್ಟ್ರು ಬೇಕಾ?

ಇದು ನಮಗೆ ಯಾಕೆ ಮುಖ್ಯ ಅಂತ ನೀವೇ ಹೇಳಿಕೊಟ್ಟಿದ್ದೀರಿ. ಮೂರು ವರ್ಷದಿಂದ ಪ್ರತಿ ಟ್ರೈಔಟ್ ಆದಮೇಲೆ ಒಂದೇ ಮಾತು. "ಸೆಪ್ಟೆಂಬರ್ ಮಗು ನೋಡಿ, ಜನವರಿಯಲ್ಲಿ ಹುಟ್ಟಿದವರ ಪಕ್ಕ ಚಿಕ್ಕವನಾಗಿ ಕಾಣುತ್ತಾನೆ, ಕಾಯಿರಿ." ಕಾದೆವು. ಎರಡನೇ ಟೀಮಾದ ಬ್ಲೂನಲ್ಲೇ ಇದ್ದ, ಒಂದು ದಿನ ಗೊಣಗಲಿಲ್ಲ. ವರ್ಷಕ್ಕೆ 2,450 ಡಾಲರ್ ಕಟ್ಟಿದೆವು, ಕಿಟ್‌ಗೆ ಬೇರೆ, ಟೂರ್ನಮೆಂಟ್‌ಗೆ ಬೇರೆ, ಬೆಳಗಿನ ಜಾವ ಎದ್ದು ಚಿತ್ರಾನ್ನ ಕಟ್ಟಿಕೊಂಡು ಪಕ್ಕದ ಡೆಲಾವೇರ್ ರಾಜ್ಯಕ್ಕೆ ಓಡಿಸಿಕೊಂಡು ಹೋಗಿ, ಟೂರ್ನಮೆಂಟಿನವರು ಹೇಳಿದ ಹೋಟೆಲಿನಲ್ಲೇ ಉಳಿಯಬೇಕು ಅನ್ನುವ ನಿಯಮಕ್ಕೆ ಬಗ್ಗಿ, ಅವನು ಎರಡನೇ ಹಾಫಿನಲ್ಲಿ ಹನ್ನೆರಡು ನಿಮಿಷ ಆಡುವುದನ್ನು ನೋಡಿ ಬಂದೆವು. ಈಗ ಮೊದಲ ಸಲ ಲೆಕ್ಕ ಅವನ ಕಡೆ ತಿರುಗಿತ್ತು. ಗುಂಪಿನಲ್ಲಿ ದೊಡ್ಡವರ ಸಾಲಿಗೆ ಬರುತ್ತಿದ್ದ. ಸರಿಯಾಗಿ ಆ ವರ್ಷವೇ ನೀವು ಅವನನ್ನು ಮೇಲಿನ ಗುಂಪಿಗೆ ತಳ್ಳಿದಿರಿ.

ಮೇ 11, ಸೋಮವಾರ. ಆ್ಯಪ್‌ನಲ್ಲಿ ಯು-11 ಅಂತಲೇ ನೋಂದಾಯಿಸಿ 40 ಡಾಲರ್ ಕಟ್ಟಿದ್ದೆ. ಟೆಂಟಿನ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ವಾಲಂಟಿಯರ್ ಹುಟ್ಟಿದ ದಿನಾಂಕದಲ್ಲಿ ಇಸವಿ ಒಂದನ್ನೇ ನೋಡಿದರು. "2015ಆ? ಮೂರನೇ ಫೀಲ್ಡ್." ಮೂರನೇ ಫೀಲ್ಡ್ ಯು-12. ನಿಮ್ಮದೇ ಪಟ್ಟಿಯನ್ನು ಫೋನಿನಲ್ಲಿ ತೆಗೆದು ತೋರಿಸಿದೆ. "ಕೋಚ್‌ಗಳು ನೋಡಿಕೊಳ್ಳುತ್ತಾರೆ" ಅಂತ 47ನೇ ನಂಬರಿನ ಪಿನ್ನಿ, ಅಂದರೆ ಶರ್ಟಿನ ಮೇಲೆ ಹಾಕುವ ನಂಬರಿನ ಬನಿಯನ್, ಕೊಟ್ಟು ಮುಂದಿನವರನ್ನು ಕರೆದರು. ಅವರನ್ನು ಬೈಯುವುದಿಲ್ಲ. ಪಾಪ, ಪುಕ್ಕಟೆ ಕೆಲಸ.

ಕೋಚ್‌ಗಳು ನೋಡಿಕೊಂಡ ರೀತಿ ನಾನೂ ನೋಡಿದೆ. ತನಗಿಂತ ಒಂದು ಗೇಣು ಎತ್ತರದವರ ಮಧ್ಯೆ, ಎಂದೂ ಆಡದ ಲೆಫ್ಟ್ ಬ್ಯಾಕ್ ಜಾಗದಲ್ಲಿ, ಅಂದರೆ ಹಿಂದೆ ಗೋಲು ಕಾಯುವ ಸಾಲಿನ ಎಡಕ್ಕೆ, ನಿಲ್ಲಿಸಿದರು. ಎಂಟೆಂಟು ನಿಮಿಷದ ಸ್ಕ್ರಿಮೇಜ್, ಅಂದರೆ ಅಭ್ಯಾಸದ ಪಂದ್ಯ. ಕ್ಲಿಪ್‌ಬೋರ್ಡ್ ಹಿಡಿದವರು ಒಬ್ಬರೇ, ಅವರೂ ಅರ್ಧ ಹೊತ್ತು ಫೋನಿನಲ್ಲಿ. ಅಲ್ಲೇ ಒಂದಷ್ಟು ಹುಡುಗರು ನಂಬರೇ ಇಲ್ಲದೆ ಕ್ಲಬ್ಬಿನ ಪ್ರಾಕ್ಟೀಸ್ ಶರ್ಟ್ ಹಾಕಿಕೊಂಡು ಆರಾಮಾಗಿ ಚೆಂಡು ಪುಟಿಸುತ್ತಿದ್ದರು. ಅವರಿಗೆ ನಂಬರ್ ಯಾಕಿಲ್ಲ ಅಂತ ನಾನು ಕೇಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬ ಅಮ್ಮ ಕೇಳದೇ ಹೇಳಿದಳು, ಅವರದ್ದು ಏಪ್ರಿಲ್‌ನಲ್ಲೇ ಆಗಿದೆ ಅಂತ. ಊರಿಗೆಲ್ಲ ಗೊತ್ತಿರುವ ಗುಟ್ಟು ಇದು. ಮೊದಲ ಟೀಮ್ ಮೊದಲೇ ತುಂಬಿರುತ್ತದೆ, ಉಳಿದ ಒಂದೋ ಎರಡೋ ಜಾಗಕ್ಕೆ ಅರವತ್ತು ಮಕ್ಕಳು ಎರಡು ದಿನ ಓಡುತ್ತಾರೆ. ಹಾಗೇ ಇರಲಿ, ಹೋದ ವರ್ಷ ಚೆನ್ನಾಗಿ ಆಡಿದವರನ್ನು ಉಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿ. ಓಪನ್ ಟ್ರೈಔಟ್ ಅಂತ ಬ್ಯಾನರ್ ಕಟ್ಟಿ ತಲೆಗೆ 40 ಡಾಲರ್ ವಸೂಲಿ ಮಾಡಬೇಡಿ.

ನಮ್ಮ ಮಾವನವರು ಹಾವೇರಿ ಕಡೆಯಿಂದ ಬಂದಿದ್ದಾರೆ. ಮಡಚುವ ಕುರ್ಚಿಯಲ್ಲಿ ಕೂತು ಎಲ್ಲ ನೋಡಿದರು. "ಏನವಾ, ದನದ ಸಂತ್ಯಾಗೂ ಇದಕ್ಕಿಂತ ಜಾಸ್ತಿ ಹೊತ್ತು ನೋಡ್ತಾರಲ್ಲ" ಅಂದರು. ನಿಜ. ಸಂತೆಯಲ್ಲಾದರೆ ಹಲ್ಲು ನೋಡಿಯಾದರೂ ವಯಸ್ಸು ಸರಿಯಾಗಿ ಹೇಳುತ್ತಿದ್ದರು.

ಬುಧವಾರ ಎರಡನೇ ಸುತ್ತು. ಈ ಸಲ ನಾನೇ ನೇರ ಯು-11ರ ಒಂದನೇ ಫೀಲ್ಡಿಗೆ ಕರೆದುಕೊಂಡು ಹೋದೆ. ನಿಮ್ಮ ಲಿಸ್ಟಿನಲ್ಲಿ 47 ಯು-12ಕ್ಕೆ ಹೋಗಿದೆ, ಅಲ್ಲಿಗೇ ಹೋಗಿ ಅಂದರು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ, 35 ನಿಮಿಷ. ಗುರುವಾರ ರಾತ್ರಿ 11:52ಕ್ಕೆ ಇಮೇಲ್ ಬಂತು: ಅಭಿನಂದನೆಗಳು, ಯು-12 ವೈಟ್. ಅಂದರೆ ಮೂರನೇ ಟೀಮ್. 48 ಗಂಟೆಯೊಳಗೆ 500 ಡಾಲರ್ ಡೆಪಾಸಿಟ್, ವಾಪಸ್ ಇಲ್ಲ, ಕಟ್ಟದಿದ್ದರೆ ಜಾಗ ಇನ್ನೊಬ್ಬರಿಗೆ. ಅಷ್ಟರಲ್ಲಿ ಸುತ್ತಮುತ್ತಲ ಕ್ಲಬ್‌ಗಳ ಟ್ರೈಔಟ್ ಮುಗಿದಿತ್ತು. ಕಟ್ಟಿದೆ. ವಯಸ್ಸಿಗಿಂತ ಮೇಲಿನ ಗುಂಪಿನಲ್ಲಿ ಆಡಿಸಿ ಅಂತ ಅಪ್ಪ ಅಮ್ಮಂದಿರು ನಿಮ್ಮ ಕಾಲು ಹಿಡಿಯುತ್ತಾರಂತೆ, ತುಂಬಾ ಚುರುಕಿದ್ದವರಿಗೆ ಮಾತ್ರ ಸಿಗುತ್ತದಂತೆ. ನನ್ನ ಮಗನಿಗೆ ಕೇಳದೇ ಸಿಕ್ಕಿತು, ಅದೂ ಮೂರನೇ ಟೀಮಿನಲ್ಲಿ. ಎಂಥ ಭಾಗ್ಯ!

ಈಗ ಜೂನ್ 2ರ ಸಂಜೆಯ ವಿಷಯ. ಪಾರ್ಕಿಂಗ್ ಲಾಟ್, 7:20. ಡೈರೆಕ್ಟರ್ ಸಾಹೇಬರು ಬಲೆಚೀಲಕ್ಕೆ ಚೆಂಡು ತುಂಬುತ್ತಿದ್ದರು. ಮಗ ಪ್ರಾಕ್ಟೀಸ್ ಮುಗಿಸಿ ನನ್ನ ಪಕ್ಕ ನಿಂತಿದ್ದ. ಎರಡು ನಿಮಿಷ ಮಾತಾಡಬಹುದಾ ಅಂತ ಕೇಳಿದೆ.

"ಶೂರ್ ಮಾಮ್, ಹೇಳಿ."

ನಮ್ಮಲ್ಲೂ ಗುರುತಿಲ್ಲದ ಹೆಂಗಸನ್ನು ಅಮ್ಮಾ ಅಂತಾರೆ. ಸೊಪ್ಪು ಮಾರುವವರು ಅಂತಾರೆ, ಬಸ್ ಕಂಡಕ್ಟರ್ ಅಂತಾನೆ. ಆದರೆ ಹಾಗೆ ಕರೆಯುವಾಗ ಮುಖ ನೋಡುತ್ತಾರೆ. ಇವರು ಚೆಂಡು ಎಣಿಸುತ್ತಿದ್ದರು.

ಮಗನ ಹೆಸರು ಹೇಳಿದೆ. ಮೂರು ವರ್ಷ ನಿಮ್ಮ ಜೆರ್ಸಿ ಹಾಕಿದ ಹುಡುಗ, ಮೂರು ಅಡಿ ದೂರದಲ್ಲಿ ನಿಂತಿದ್ದಾನೆ. "ಯಾವ ಹುಡುಗ? ನಂಬರ್ ಎಷ್ಟಿತ್ತು?" ಅಂದರು. 47 ಅಂದೆ. ಕಾರಿನ ಡಿಕ್ಕಿಯಿಂದ ಕ್ಲಿಪ್‌ಬೋರ್ಡ್ ತೆಗೆದು ಹಾಳೆ ತಿರುವಿದರು. ಯು-11ರ ಹಾಳೆಯಲ್ಲಿ ಬೆರಳಿಟ್ಟು, "47, ಬಂದಿಲ್ಲ ಅಂತ ಇದೆ. ಎರಡೂ ದಿನ."

"ಬಂದಿದ್ದ. ನೀವು ಯು-12ಕ್ಕೆ ಕಳಿಸಿದಿರಿ."

ಇನ್ನೊಂದು ಹಾಳೆ. ಅಲ್ಲಿ 47ರ ಮುಂದೆ ಐದು ಖಾನೆಗಳಿದ್ದವು, ಮೊದಲ ಮುಟ್ಟು, ಪಾಸಿಂಗ್, ವೇಗ, ಆಟದ ತಿಳಿವಳಿಕೆ, ಹುಮ್ಮಸ್ಸು ಅಂತ. ಐದೂ ಖಾಲಿ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಎರಡೇ ಪದ. ಅದನ್ನು ಜೋರಾಗಿ ಓದಿದರು, ಮಗನ ಎದುರಿಗೇ. "ಸ್ಮಾಲ್. ಕ್ವಿಕ್." ಆಮೇಲೆ, "ಯು-12ಕ್ಕೆ ಇವನು ಚಿಕ್ಕವನು ಮಾಮ್."

"ಅವನು ಯು-12 ಅಲ್ಲವೇ ಅಲ್ಲ. ಅದನ್ನೇ ಹೇಳುತ್ತಿದ್ದೇನೆ."

"ಹೌದು ಹೌದು, ಈ ವರ್ಷ ಎಲ್ಲರಿಗೂ ಸ್ವಲ್ಪ ಗೊಂದಲ."

"ನನಗೆ ಗೊಂದಲ ಇಲ್ಲ. ನಿಮ್ಮ ಪಟ್ಟಿ ನೋಡಿದೆ, ಗೊತ್ತಾಯಿತು."

ಆಗ ಚೀಲದ ಹಗ್ಗ ಬಿಗಿದು ಮೊದಲ ಸಲ ನನ್ನ ಮುಖ ನೋಡಿದರು. ಈ ವಯಸ್ಸಿನಲ್ಲಿ ಟೀಮಿನ ಬಣ್ಣ ಮುಖ್ಯ ಅಲ್ಲ, ಬೆಳವಣಿಗೆ ಮುಖ್ಯ ಅಂದರು. ಬಣ್ಣ ಮುಖ್ಯ ಅಲ್ಲದಿದ್ದರೆ ಮೊದಲ ಟೀಮಾದ ರೆಡ್‌ಗೆ ಹಾಕಿಬಿಡಿ ಅಂದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಮಗ ನೀರಿನ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದ, ಹಾಕುತ್ತಿದ್ದ. ಡೈರೆಕ್ಟರ್ ಅವನ ಕಡೆ ತಿರುಗಿ, ತುಂಬಾ ಪ್ರೀತಿಯಿಂದಲೇ ಅನ್ನಿ, "ಮರಿ, ಕ್ರಿಕೆಟ್ ಟ್ರೈ ಮಾಡಿದ್ದೀಯಾ?" ಅಂದರು.

ಕಾರಿನಲ್ಲಿ ಮನೆ ಹತ್ತಿರ ಬರುವವರೆಗೂ ಅವನು ಮಾತಾಡಲಿಲ್ಲ. ಕೊನೆಯ ಸಿಗ್ನಲ್ಲಿನಲ್ಲಿ, "ಅಮ್ಮಾ, ನನಗೆ ಕ್ರಿಕೆಟ್ ಬರಲ್ಲ" ಅಂದ. ಏನೋ ತಪ್ಪು ಮಾಡಿದವನ ಹಾಗೆ.

ನಿಮ್ಮ ಹ್ಯಾಂಡ್‌ಬುಕ್ಕಿನ 6ನೇ ಪುಟ ನಿಮಗೆ ಬಾಯಿಪಾಠ ಇರುತ್ತದೆ ಅಂತ ನಂಬಿದ್ದೇನೆ. ಪ್ರತಿ ಮಗುವನ್ನೂ ಕನಿಷ್ಠ ಇಬ್ಬರು ನೋಡಬೇಕು. ಅಪ್ಪ ಅಮ್ಮ ಕೇಳಿದರೆ 10 ದಿನದಲ್ಲಿ ಬರಹದಲ್ಲಿ ಅಭಿಪ್ರಾಯ ಕೊಡಬೇಕು. ಸ್ಮಾಲ್, ಕ್ವಿಕ್ ಅನ್ನುವುದು ಅಭಿಪ್ರಾಯವಾ? ಇರುವೆಗೂ ಹಾಗೇ ಹೇಳಬಹುದು.

ಇದು ಒಂದು ವರ್ಷದಲ್ಲಿ ಸರಿಹೋಗುವ ವಿಷಯ ಅಲ್ಲ, ಅದೂ ನಿಮಗೆ ಗೊತ್ತು. ಯು-11, ಯು-12 ಎರಡೂ 9ಕ್ಕೆ 9 ಆಡುತ್ತಾರೆ, ನಾಲ್ಕನೇ ಸೈಜಿನ ಚೆಂಡು. ಮುಂದಿನ ವರ್ಷ ಆ ಟೀಮ್ ಯು-13 ಆದಾಗ 11ಕ್ಕೆ 11, ಪೂರ್ತಿ ಮೈದಾನ, ದೊಡ್ಡ ಗೋಲು, ಐದನೇ ಸೈಜಿನ ಚೆಂಡು. ನನ್ನ ಮಗ ಒಂದು ವರ್ಷ ಮುಂಚೆಯೇ ಅಲ್ಲಿ ನಿಲ್ಲಬೇಕು. ಇಲ್ಲ ಅಂದರೆ ಟೀಮ್ ಬಿಟ್ಟು ಕೆಳಗೆ ಬರಬೇಕು. ಆಗ ಕೆಳಗಿನ ಟೀಮಿನ 16 ಜಾಗವೂ ತುಂಬಿರುತ್ತದೆ, ಮತ್ತೆ ಪಿನ್ನಿ, ಮತ್ತೆ ನಂಬರ್, ಮತ್ತೆ ನೀವು "ಯಾವ ಹುಡುಗ?" ಅನ್ನುತ್ತೀರಿ.

ನನಗೆ ಬೇಕಾಗಿರುವುದು ಇಷ್ಟೇ. ಯು-11ರಲ್ಲಿ, ಅವನದೇ ಲೆಫ್ಟ್ ವಿಂಗ್ ಜಾಗದಲ್ಲಿ, ಅಂದರೆ ಮುಂದಿನ ಸಾಲಿನ ಎಡಕ್ಕೆ, ಇಬ್ಬರು ಕೂತು ಒಂದು ಸಲ ನೋಡಿ. ಅದಾದ ಮೇಲೂ ಮೂರನೇ ಟೀಮೇ ಅಂದರೆ ತಲೆಬಾಗುತ್ತೇನೆ, ನಿಜವಾಗಿ. ನನ್ನ ಮಗ ಮೆಸ್ಸಿ ಅಂತ ನಾನು ಎಲ್ಲೂ ಹೇಳಿಲ್ಲ. ಅದು ಆಗುವುದಿಲ್ಲ ಅಂದರೆ 500 ವಾಪಸ್ ಕೊಡಿ. ಟ್ರೈಔಟಿನ 40 ನೀವೇ ಇಟ್ಟುಕೊಳ್ಳಿ. ಹೊಸ ಪೆನ್ಸಿಲ್ ತಗೊಳ್ಳಿ.

ಜೂನ್ 19ರವರೆಗೆ ಕಾಯುತ್ತೇನೆ. ಆಮೇಲೆ ಈ ಪತ್ರದ ಇಂಗ್ಲಿಷ್ ರೂಪ, ಆ್ಯಪ್‌ನ ರಸೀದಿ, ನಿಮ್ಮ ಹಳದಿ ಸಾಲು, ಎಲ್ಲವೂ ನಮ್ಮ ರಾಜ್ಯದ ಸಾಕರ್ ಅಸೋಸಿಯೇಷನ್‌ಗೆ ಹೋಗುತ್ತದೆ. ಕಾರ್ಡಿನ ಬ್ಯಾಂಕಿಗೂ ಹೋಗುತ್ತದೆ. ನೀವು ಲಾಭಕ್ಕಲ್ಲದ ಸಂಸ್ಥೆ ಅಂತ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದೀರಿ. ಅಂಥ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ಫಾರ್ಮ್ 990 ಅನ್ನುವ ವರ್ಷದ ಲೆಕ್ಕಪತ್ರವನ್ನು ಯಾರು ಕೇಳಿದರೂ ತೋರಿಸಬೇಕು. ನಾನು ಕೇಳುತ್ತೇನೆ. ನಮ್ಮ ಮನೆಯವರು ಅಕೌಂಟೆಂಟ್. ಅವರಿಗೆ ಇಂಥದ್ದನ್ನು ಸಾಲು ಸಾಲಾಗಿ ಓದುವುದು ಭಾನುವಾರದ ಖುಷಿ, ಟ್ರೈಔಟ್ ಫೀ ಎಷ್ಟು ಬಂತು ಎಲ್ಲಿ ಹೋಯಿತು ಅಂತ ನಿಮಗಿಂತ ಚೆನ್ನಾಗಿ ಹೇಳುತ್ತಾರೆ. ನಿಮ್ಮ ಗೇಟಿನ ಮೇಲೆ ವಿಶ್ವಕಪ್ಪಿನ ಬ್ಯಾನರ್ ಇದೆಯಲ್ಲ, ಫೈನಲ್ ನಮ್ಮ ರಾಜ್ಯದಲ್ಲೇ, ಕನಸು ಕಾಣಿ ಮಕ್ಕಳೇ ಅಂತ. ಜುಲೈ 19ರ ಆ ಫೈನಲ್ ದಿನ ನಮ್ಮ ಮನೆಯಲ್ಲಿ ಹದಿನಾಲ್ಕು ಮನೆಯವರು ಸೇರುತ್ತಿದ್ದೇವೆ. ಅದರಲ್ಲಿ ಒಂಬತ್ತು ಮನೆಯ ಮಕ್ಕಳು ನಿಮ್ಮ ಕ್ಲಬ್ಬಿನವರು. ಹಾಫ್‌ಟೈಮಿನಲ್ಲಿ ಮಾತಾಡಲು ವಿಷಯ ಬೇಕಲ್ವಾ?

ಬಿಳಿ ಜೆರ್ಸಿ ಮಾತ್ರ ಕಳಿಸಬೇಡಿ. ಬಂದರೆ ಬಿಚ್ಚದೆ ವಾಪಸ್ ಹಾಕುತ್ತೇನೆ, ಪೋಸ್ಟಿನ ಖರ್ಚು ನಿಮ್ಮದು.

ಇಂತಿ,
ಎರಡೂ ದಿನ ಬಂದಿದ್ದ 47ರ ಅಮ್ಮ