ಮಾರ್ಬಲ್ ಮೇಜಿಗೆ ಮೊದಲು ಕಾಲು ನೋಡಿ

ಮಾನ್ಯ ಸಂಪಾದಕರೇ,

ಮನೆ ಅಲಂಕಾರದ ಪುಟ ಬಂದ ದಿನ ನಮ್ಮ ಮನೆಯಲ್ಲಿ ಪೇಪರಿಗೆ ಕಿತ್ತಾಟ. ಮೇಲೆ ಬಿಳಿ ಮಾರ್ಬಲ್, ಕೆಳಗೆ ಮರದ ಕಾಲು ಇರುವ ಊಟದ ಮೇಜಿನ ಫೋಟೋ ನೋಡಿ ಬದಿಯಡ್ಕದ ಸುತ್ತ ಹೊಸ ಮನೆ ಕಟ್ಟುವವರೆಲ್ಲ ಈಗ ಅದನ್ನೇ ಕೇಳುತ್ತಿದ್ದಾರೆ. ಚಂದ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಾನೂ ಮಾಡಿಸಿದ್ದೆ. ಮೊದಲ ಮಳೆಗಾಲ ಮುಗಿಯುವುದರೊಳಗೆ ಅದು ಬಿರುಕು ಬಿಟ್ಟಿತು. ಬೇರೆಯವರಿಗೆ ಹಾಗಾಗಬಾರದು ಎಂದು ಬರೆಯುತ್ತಿದ್ದೇನೆ.

ಅಂಗಡಿಯವರು ಕಲ್ಲಿನ ಬಣ್ಣ ತೋರಿಸಿದರು, ಗೆರೆ ತೋರಿಸಿದರು, ತೂಕ ಮಾತ್ರ ಹೇಳಲಿಲ್ಲ. ಆರು ಅಡಿ ಉದ್ದ, ಮೂರು ಅಡಿ ಅಗಲ, 20 ಮಿ.ಮೀ. ದಪ್ಪ ಅಂದರೆ ಕಲ್ಲು ಒಂದೇ ಸುಮಾರು 90 ಕಿಲೋ. ನಾವು ಹಿತ್ತಿಲಲ್ಲಿ ಕಡಿದ ಹಲಸಿನ ಮರವನ್ನು ಸರಿಯಾಗಿ ಒಣಗಿಸದೆ ಅಗಲದ ಹಲಗೆ ಮಾಡಿ, ಅದರ ಮೇಲೆ ಪೂರ್ತಿ ಅಂಟು ಬಳಿದು ಕಲ್ಲು ಕೂರಿಸಿಬಿಟ್ಟೆವು. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಮರ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಬಾಗುತ್ತದೆ. ಕಲ್ಲು ಬಾಗುತ್ತದಾ? ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಒಂದು ಬೆಳಿಗ್ಗೆ ಮೇಜು ಒರೆಸುವಾಗ ಬಟ್ಟೆಯ ನೂಲು ಎಲ್ಲೋ ಸಿಕ್ಕಿಕೊಂಡಿತು. ಬೆರಳಾಡಿಸಿ ನೋಡಿದರೆ ಮೂಲೆಯಿಂದ ಕೂದಲೆಳೆಯಷ್ಟು ಸೀಳು.

ಎರಡನೇ ಸಲ ನಮ್ಮ ಹಳೆಯ ಆಚಾರಿಯವರನ್ನೇ ಕೂರಿಸಿ ಕೇಳಿದೆ. ಅವರು ಹಲಗೆಯೇ ಬೇಡ ಅಂದರು. ಚೆನ್ನಾಗಿ ಒಣಗಿದ ಹೆಬ್ಬಲಸಿನಲ್ಲಿ ಚೌಕಟ್ಟು, ನಡುವೆ ಎರಡು ಅಡ್ಡಪಟ್ಟಿ, ಕಲ್ಲು ಕೂರುವ ಕಡೆ ಅಲ್ಲಲ್ಲಿ ರಬ್ಬರಿನಂತೆ ಬಾಗುವ ಸಿಲಿಕೋನ್ ಅಂಟಿನ ಚುಕ್ಕೆ ಮಾತ್ರ. ಮರ ಅದರ ಪಾಡಿಗೆ ಉಬ್ಬಲಿ ಕುಗ್ಗಲಿ, ಕಲ್ಲಿಗೆ ಏನೂ ಆಗುವುದಿಲ್ಲ. ದಪ್ಪ ಕಾಲು ಎರಡೇ, ತುದಿಯಿಂದ ಒಂದಡಿ ಒಳಗೆ. ಹಾಗಾಗಿ ತುದಿಯಲ್ಲಿ ಕೂತವರಿಗೂ ಮೊಣಕಾಲು ತಾಗುವುದಿಲ್ಲ. ಎತ್ತರ 30 ಇಂಚು, ಒಬ್ಬರಿಗೆ ಎರಡಡಿ ಜಾಗ. ಕಲ್ಲಿನ ಕೆಳಗಿನ ಪಟ್ಟಿ ನಾಲ್ಕು ಇಂಚಿಗಿಂತ ಜಾಸ್ತಿ ಇಳಿದರೆ ತೊಡೆ ತಾಗುತ್ತದೆ, ಅದನ್ನು ಫೋಟೋ ನೋಡಿ ಹೇಳಲಾಗುವುದಿಲ್ಲ.

ಇನ್ನು ಹುಳಿ. ಇದನ್ನು ಯಾರೂ ಹೇಳುವುದೇ ಇಲ್ಲ. ಮನೆಗೆ ನೆಂಟರು ಬಂದ ದಿನ ಯಾರೋ ಹಿಂಡಿದ ಲಿಂಬೆ ಹೋಳನ್ನು ಮೇಜಿನ ಮೇಲೆ ಕವುಚಿ ಇಟ್ಟಿದ್ದರು. ತೆಗೆದಾಗ ಹೊಳಪೇ ಹೋದ ಒಂದು ಉರುಟು ಗುರುತು, ಕಿಟಕಿಯ ಓರೆ ಬೆಳಕಿಗೆ ಎದ್ದು ಕಾಣುತ್ತಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ, ಏಕೆಂದರೆ ಅದು ಕಲೆಯಲ್ಲ. ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಹುಳಿ ಅದನ್ನು ತಿನ್ನುತ್ತದೆ. ತಾಜ್‌ಮಹಲಿಗೆ ಹಾಕಿದ ಮಕ್ರಾನದ ಕಲ್ಲೂ ಅಷ್ಟೇ. ಸೀಲರ್ (ಕಲ್ಲಿಗೆ ಬಳಿಯುವ ರಕ್ಷಕ ದ್ರವ) ಹಾಕಿದರೆ ಏನೂ ಆಗಲ್ಲ ಎಂದು ಅಂಗಡಿಯಲ್ಲಿ ಹೇಳಿದ್ದರು. ಅದು ಸರಿಯಲ್ಲ. ಎಣ್ಣೆ, ಅರಸಿನ ಒಳಗೆ ಇಳಿಯದಂತೆ ಸೀಲರ್ ಸ್ವಲ್ಪ ಹೊತ್ತು ತಡೆಯುತ್ತದೆ, ಹುಳಿಯನ್ನು ತಡೆಯುವುದಿಲ್ಲ. ಪುನರ್ಪುಳಿ ಸಾರು, ಉಪ್ಪಿನಕಾಯಿ, ಮಜ್ಜಿಗೆ ಇಲ್ಲದೆ ನಮ್ಮ ಊಟ ಇದೆಯಾ? ಅದಕ್ಕೇ ಈ ಸಲ ಕನ್ನಡಿಯಂಥ ಪಾಲಿಶ್ ಬೇಡ ಅಂದೆ, ಮಂದ ಹೊಳಪು ಸಾಕು. ಗುರುತು ಬಿದ್ದರೂ ಅಷ್ಟಾಗಿ ಕಾಣುವುದಿಲ್ಲ. ಬಾಳೆಎಲೆ ಹಾಕಿ ಉಂಡು, ಚೆಲ್ಲಿದ್ದನ್ನು ಆಗಲೇ ಒರೆಸಿದರಾಯಿತು. ಅಷ್ಟೂ ತಾಳ್ಮೆ ಇಲ್ಲದವರು ಗ್ರಾನೈಟ್ ಹಾಕಿಸಿಕೊಳ್ಳುವುದೇ ಒಳ್ಳೆಯದು.

ಇಲ್ಲಿ ಕಲ್ಲಿನ ಅಂಗಡಿಗಳಲ್ಲಿ ಮಾತುಕತೆ ಹೆಚ್ಚಾಗಿ ಮಲಯಾಳದಲ್ಲಿ. ಮನೆಯ ಹಿರಿಯರು, ಆಚಾರಿಯವರು ಕೈಯಲ್ಲಿ ಹಿಡಿದು ಓದುವುದು ನಿಮ್ಮ ಕನ್ನಡ ಪೇಪರನ್ನು. ಆದ್ದರಿಂದ ಮುಂದಿನ ಸಲ ಫೋಟೋ ಪಕ್ಕದಲ್ಲೇ ಅಳತೆಯ ಚಿತ್ರ, ಕಲ್ಲಿನ ತೂಕ, ಯಾವ ಮರ, ಎಷ್ಟು ಒಣಗಿರಬೇಕು ಎಂಬುದನ್ನೂ ಹಾಕಿ. ಅದನ್ನು ಕತ್ತರಿಸಿ ಆಚಾರಿಯವರ ಕೈಗೆ ಕೊಡುವಂತಿರಲಿ.

ನಿಮ್ಮ ಓದುಗ,
ಬದಿಯಡ್ಕ, ಕಾಸರಗೋಡು ಜಿಲ್ಲೆ